ತಂಬಾಕು ಕಂಪನಿಗಳು ಸರ್ಕಾರದ ಆರೋಗ್ಯ ನೀತಿಯನ್ನು ಬಗ್ಗಿಸುತ್ತವೆ ಎನ್ನುವುದು ನಿಜವೇ?

ತಂಬಾಕು ಕಂಪನಿಗಳು ಸರ್ಕಾರದ ಕೈ ಕಟ್ಟಿಹಾಕುತ್ತವೆಯೇ, ಅದು ಲಂಚದಿಂದ ನಡೆಯುತ್ತದೆಯೇ ಎಂದು ಕೇಳಿದ್ದೀರಿ. ಮೊದಲನೆಯದಕ್ಕೆ ನನ್ನ ಉತ್ತರ ಹೌದು. ಎರಡನೆಯದಕ್ಕೆ ಹೇಳುವುದಾದರೆ, ಲಂಚದ ಅಗತ್ಯವೇ ಬೀಳದಷ್ಟು ರಾಜಮಾರ್ಗಗಳು ಅವರಿಗೆ ತೆರೆದಿವೆ. ನಾನು ಪಿರಿಯಾಪಟ್ಟಣ ತಾಲ್ಲೂಕಿನ ತಂಬಾಕು ಬೆಳೆಗಾರರ ಮನೆಯಲ್ಲಿ ಹುಟ್ಟಿದವನು, ವೃತ್ತಿಯಿಂದ ದಂತವೈದ್ಯ. ಈ ಬೆಳೆ ಎಲ್ಲಿ ಹುಟ್ಟುತ್ತದೆ, ಎಲ್ಲಿ ಹೋಗಿ ಮುಟ್ಟುತ್ತದೆ ಎರಡನ್ನೂ ಕಣ್ಣಾರೆ ನೋಡಿದವನಾಗಿ ಬರೆಯುತ್ತಿದ್ದೇನೆ.

ಪೊಟ್ಟಣದ ಮೇಲಿನ ಎಚ್ಚರಿಕೆಯ ಚಿತ್ರದ ಕಥೆಯೊಂದನ್ನು ಪೂರ್ತಿ ತಿಳಿದುಕೊಂಡರೆ ಮಿಕ್ಕಿದ್ದು ತಾನಾಗಿ ಅರ್ಥವಾಗುತ್ತದೆ. 2014ರ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಅಧಿಸೂಚನೆಯೊಂದನ್ನು ಹೊರಡಿಸಿತು. ಸಿಗರೇಟು, ಬೀಡಿ, ಜಗಿಯುವ ತಂಬಾಕಿನ ಪೊಟ್ಟಣಗಳ ಎರಡೂ ಬದಿಯಲ್ಲಿ ಶೇ 85ರಷ್ಟು ಜಾಗವನ್ನು ಎಚ್ಚರಿಕೆಗೆ ಬಿಡಬೇಕು, 2015ರ ಏಪ್ರಿಲ್ 1ರಿಂದ ಜಾರಿ ಎಂದು. ಅಲ್ಲಿಯವರೆಗೆ ಇದ್ದದ್ದು ಮುಂಬದಿಯಲ್ಲಿ ಶೇ 40 ಮಾತ್ರ. ಗಡುವು ಹತ್ತಿರ ಬಂದಾಗ, ಸರ್ಕಾರ ಮಾಡುವ ನಿಯಮಗಳನ್ನು ಪರಿಶೀಲಿಸುವ ಸಂಸತ್ತಿನ ಅಧೀನ ಶಾಸನ ಸಮಿತಿ, ಸದ್ಯಕ್ಕೆ ತಡೆಹಿಡಿಯಿರಿ ಎಂದು ಮಧ್ಯಂತರ ವರದಿ ಕೊಟ್ಟಿತು. ಸಮಿತಿಯ ಅಧ್ಯಕ್ಷರಾಗಿದ್ದ ಅಹ್ಮದ್‌ನಗರದ ಸಂಸದ ದಿಲೀಪ್ ಗಾಂಧಿ, ತಂಬಾಕಿನಿಂದ ಕ್ಯಾನ್ಸರ್ ಬರುತ್ತದೆ ಎಂದು ತೋರಿಸುವ ಭಾರತೀಯ ಅಧ್ಯಯನ ಇಲ್ಲ, ಇರುವುದೆಲ್ಲ ವಿದೇಶದ್ದು ಎಂದರು. ಅದೇ ಸಮಿತಿಯಲ್ಲಿ ಅಲಹಾಬಾದಿನ ಸಂಸದ ಶ್ಯಾಮಾ ಚರಣ್ ಗುಪ್ತಾ ಇದ್ದರು. ಅವರು ದೊಡ್ಡ ಬೀಡಿ ಉದ್ಯಮಿ. ತಮ್ಮದೇ ಸರಕಿನ ಮೇಲೆ ಬರಬೇಕಾದ ನಿಯಮವನ್ನು ಪರಿಶೀಲಿಸುವ ಸಮಿತಿಯಲ್ಲಿ ಉದ್ಯಮಿಯೇ ಸದಸ್ಯ! ಅಂಥ ಕಡೆ ಯಾರಿಗೆ ಯಾರು ಲಂಚ ಕೊಡಬೇಕು?

ಸರ್ಕಾರ ಜಾರಿಯನ್ನು ಮುಂದೂಡಿತು. ಮಧ್ಯಪ್ರದೇಶದ ಸುನೀತಾ ತೋಮರ್ ಎಂಬ 28 ವರ್ಷದ ಹೆಣ್ಣುಮಗಳು ನಿಮಗೆ ನೆನಪಿರಬಹುದು. ತಂಬಾಕು ಜಗಿದು ಬಾಯಿ ಕ್ಯಾನ್ಸರಿಗೆ ತುತ್ತಾಗಿದ್ದ ಆಕೆ ಸರ್ಕಾರದ್ದೇ ತಂಬಾಕು ವಿರೋಧಿ ಜಾಹೀರಾತಿನಲ್ಲಿ ಕಾಣಿಸಿಕೊಂಡಿದ್ದರು. ದಿಲೀಪ್ ಗಾಂಧಿಯವರ ಮಾತು ಕೇಳಿ ನೊಂದು ಪ್ರಧಾನಿಗೆ ಪತ್ರ ಬರೆದರು. ಅವರು ತೀರಿಕೊಂಡದ್ದು 2015ರ ಏಪ್ರಿಲ್ 1ರಂದು, ಹೊಸ ಚಿತ್ರಗಳು ಜಾರಿಗೆ ಬರಬೇಕಿದ್ದ ದಿನವೇ.

‘ಭಾರತೀಯ ಅಧ್ಯಯನ ಇಲ್ಲ’ ಎಂಬ ಮಾತು ಶುದ್ಧ ಸುಳ್ಳು. 1933ರಷ್ಟು ಹಿಂದೆಯೇ ತಿರುವಾಂಕೂರು ಸೀಮೆಯ ನೆಯ್ಯೂರಿನ ವೈದ್ಯರೊಬ್ಬರು ತಂಬಾಕು ಸೇರಿಸಿ ಎಲೆಅಡಿಕೆ ಜಗಿಯುವವರ ಬಾಯಿ ಕ್ಯಾನ್ಸರಿನ ಬಗ್ಗೆ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದಿದ್ದರು. ದೇಶದ 11 ಲಕ್ಷ ಮನೆಗಳಲ್ಲಿ ಸಾವಿನ ಕಾರಣ ವಿಚಾರಿಸಿ ನಡೆಸಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಧೂಮಪಾನವೊಂದರಿಂದಲೇ ಭಾರತದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಜನ ಸಾಯುವ ಹಂತಕ್ಕೆ ಬಂದಿದ್ದೇವೆ ಎಂದು ಅದು ಹೇಳಿತ್ತು. ಇಷ್ಟಾದರೂ ‘ಇನ್ನೂ ಸಾಬೀತಾಗಿಲ್ಲ’ ಎಂಬ ಮಾತು ಸಂಸತ್ತಿನೊಳಗೆ ನಡೆಯುತ್ತದೆ ಎಂದರೆ ಅದು ಹಳೆಯ ಪಾಠ. 1969ರಲ್ಲಿ ಅಮೆರಿಕದ ಬ್ರೌನ್ ಆ್ಯಂಡ್ ವಿಲಿಯಮ್ಸನ್ ಸಿಗರೇಟು ಕಂಪನಿಯ ಒಳಗಿನ ಟಿಪ್ಪಣಿಯೊಂದರಲ್ಲಿ ‘ಸಂದೇಹವೇ ನಮ್ಮ ಸರಕು’ ಎಂದು ನೇರವಾಗಿ ಬರೆದುಕೊಂಡಿದ್ದರು. ಜನರ ಮನಸ್ಸಿನಲ್ಲಿ ಅನುಮಾನ ಉಳಿದಿರುವಷ್ಟು ದಿನ ವ್ಯಾಪಾರ ನಡೆಯುತ್ತದೆ.

ಕೊನೆಗೆ 2016ರ ಏಪ್ರಿಲ್ 1ಕ್ಕೆ ಶೇ 85 ಜಾರಿಯಾಯಿತು. ಅದಕ್ಕೂ ಮುಂಚೆ, ಮಾರ್ಚ್‌ನಲ್ಲಿ, ಅದೇ ಸಮಿತಿ ಶೇ 50 ಸಾಕು ಎಂದು ಅಂತಿಮ ವರದಿ ಕೊಟ್ಟಿತ್ತು. ನಿಯಮದಲ್ಲಿ ಗೊಂದಲವಿದೆ ಎಂದು ದೊಡ್ಡ ಸಿಗರೇಟು ಕಂಪನಿಗಳು ಕಾರ್ಖಾನೆಗಳನ್ನೇ ನಿಲ್ಲಿಸಿದವು. ದಿನಕ್ಕೆ 350 ಕೋಟಿ ರೂಪಾಯಿ ನಷ್ಟ ಎಂದು ಅವರ ಸಂಘಟನೆ ಲೆಕ್ಕ ಒಪ್ಪಿಸಿತು. ದೇಶದ ಬೇರೆ ಬೇರೆ ಹೈಕೋರ್ಟುಗಳಲ್ಲಿ ದಾವೆಗಳು ಬಿದ್ದವು. ಸುಪ್ರೀಂ ಕೋರ್ಟ್ ಅವೆಲ್ಲವನ್ನೂ ಒಟ್ಟುಗೂಡಿಸಿ ನಮ್ಮ ಕರ್ನಾಟಕ ಹೈಕೋರ್ಟಿಗೆ ಕಳಿಸಿತು. 2017ರ ಡಿಸೆಂಬರ್ 15ರಂದು ಹೈಕೋರ್ಟು ಶೇ 85ರ ನಿಯಮವನ್ನು ರದ್ದು ಮಾಡಿತು. ಮುಂದಿನ ಜನವರಿ 8ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು, ಚಿತ್ರಗಳು ಉಳಿದವು. ನ್ಯಾಯಾಲಯಕ್ಕೆ ಹೋಗುವುದು ಯಾರದೇ ಹಕ್ಕು, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಕೇಸು ಗೆಲ್ಲಲೇಬೇಕೆಂದಿಲ್ಲ, ಎಳೆದಷ್ಟೂ ಅವರಿಗೆ ಲಾಭ. ಒಂದು ವರ್ಷ ತಡವಾದರೆ ಆ ವರ್ಷ ಹೊಸದಾಗಿ ಚಟಕ್ಕೆ ಬೀಳುವ ಹುಡುಗರು ಮುಂದಿನ ಮೂವತ್ತು ವರ್ಷದ ಗಿರಾಕಿಗಳು.

ಈಗ ನನ್ನ ಊರಿನ ವಿಷಯಕ್ಕೆ ಬರುತ್ತೇನೆ. ಪ್ರತಿ ಸಲ ಬಿಗಿ ನಿಯಮ ಬರುವಾಗಲೂ ‘ರೈತ ಬೀದಿಗೆ ಬೀಳುತ್ತಾನೆ’ ಎಂಬ ಕೂಗು ಏಳುತ್ತದೆ. 2016ರ ನವೆಂಬರ್‌ನಲ್ಲಿ ದೆಹಲಿ ಪಕ್ಕದ ಗ್ರೇಟರ್ ನೋಯ್ಡಾದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದದ ದೇಶಗಳ ಸಮಾವೇಶ ನಡೆದಾಗಲೂ ಹೊರಗೆ ಬೆಳೆಗಾರರ ಪ್ರತಿಭಟನೆ ಇತ್ತು. ರೈತನ ಸಂಕಟ ಸುಳ್ಳೆಂದು ನಾನು ಹೇಳುವುದಿಲ್ಲ, ಹೇಳಲಾರೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳಲ್ಲಿ ವರ್ಜೀನಿಯಾ ತಂಬಾಕಿನ ದುಡ್ಡಿನಲ್ಲಿ ಮದುವೆಗಳಾಗಿವೆ, ಮಕ್ಕಳು ಓದಿದ್ದಾರೆ. ನಾನು ಓದಿದ್ದೂ ಅದರಿಂದಲೇ.

ಆದರೆ ಆ ರೈತನಿಗೆ ಹರಾಜು ಮಾರುಕಟ್ಟೆಯಲ್ಲಿ ಸಿಗುವ ಮರ್ಯಾದೆ ಎಷ್ಟೆಂದು ನೋಡಬೇಕು. ಎಲೆ ಮುರಿದು, ಕಡ್ಡಿಗೆ ಕಟ್ಟಿ, ಎಲೆ ಬೇಯಿಸುವ ಮನೆಯಾದ ಬ್ಯಾರನ್‌ಗೆ ಏರಿಸಿ, ರಾತ್ರಿಯೆಲ್ಲ ಸೌದೆ ಒಟ್ಟಿ ಬೇಯಿಸಿ, ದರ್ಜೆ ಮಾಡಿ, ಪಿಂಡಿ ಕಟ್ಟಿ ತಂದ ಬೇಲ್‌ಗಳು ಸಾಲಾಗಿ ಕುಳಿತಿರುತ್ತವೆ. ಕೊಳ್ಳುವವರು ಬೆರಳೆಣಿಕೆಯ ಕಂಪನಿಗಳ ಪ್ರತಿನಿಧಿಗಳು. ಒಂದು ಹಿಡಿ ಎಲೆ ಎಳೆದು ನೋಡುತ್ತಾರೆ, ಮುಂದೆ ಹೋಗುತ್ತಾರೆ. ಯಾರೂ ಕೂಗದಿದ್ದರೆ ಬೇಲ್ ಮನೆಗೆ ವಾಪಸು. ನನ್ನ ತಂದೆ ಇಂಥ ದಿನಗಳಲ್ಲಿ ಬೇಲ್ ಪಕ್ಕದಲ್ಲಿ ಕೈಕಟ್ಟಿ ನಿಂತು, ಆ ಪ್ರತಿನಿಧಿಯ ಮುಖವನ್ನೇ ನೋಡುತ್ತಿದ್ದರು. ಬೆಲೆ ಕುಸಿದ ವರ್ಷಗಳಲ್ಲಿ ಬೆಳೆಗಾರರ ಪರವಾಗಿ ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ಬಂದದ್ದನ್ನು ನಾನು ಕಂಡಿಲ್ಲ. ಎಚ್ಚರಿಕೆಯ ಚಿತ್ರ ದೊಡ್ಡದಾಗುತ್ತದೆ ಎಂದಾಗ ಮಾತ್ರ ರೈತನ ಹೆಸರು ದೆಹಲಿಯವರೆಗೆ ಕೇಳಿಸುತ್ತದೆ. ದಕ್ಷಿಣ ಕನ್ನಡದಲ್ಲಿ ಮನೆ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುವ ಹೆಂಗಸರ ಹೆಸರನ್ನೂ ಹೀಗೆಯೇ ಬಳಸುತ್ತಾರೆ, ಗುಟ್ಕಾ ವಿಷಯ ಬಂದಾಗ ಅಡಿಕೆ ಬೆಳೆಗಾರರ ಹೆಸರನ್ನು.

ಗುಟ್ಕಾ ಎಂದಾಗ ನನಗೆ ಸಿಟ್ಟು ತಡೆಯುವುದಿಲ್ಲ. ಕರ್ನಾಟಕ 2013ರ ಮೇ ಕೊನೆಯಲ್ಲಿ ಗುಟ್ಕಾ ನಿಷೇಧಿಸಿತು. ಆಹಾರ ಪದಾರ್ಥದಲ್ಲಿ ತಂಬಾಕು ಇರಬಾರದು ಎಂಬ ಕೇಂದ್ರದ 2011ರ ನಿಯಮ ಅದಕ್ಕೆ ಆಧಾರ. ನಿಷೇಧದ ಬೆನ್ನಲ್ಲೇ ಅಂಗಡಿಗಳಲ್ಲಿ ಎರಡು ಪೊಟ್ಟಣ ಜೊತೆಯಾಗಿ ತೂಗಾಡತೊಡಗಿದವು. ಒಂದರಲ್ಲಿ ತಂಬಾಕಿಲ್ಲದ ಪಾನ್ ಮಸಾಲ, ಇನ್ನೊಂದು ಸಣ್ಣದರಲ್ಲಿ ಬರೀ ತಂಬಾಕು. ಗಿರಾಕಿ ಎರಡನ್ನೂ ಹರಿದು ಅಂಗೈಯಲ್ಲಿ ಬೆರೆಸಿ ಬಾಯಿಗೆ ಹಾಕುತ್ತಾನೆ. ಕಾನೂನಿನ ಅಕ್ಷರ ಉಳಿಯಿತು, ಗುಟ್ಕಾವೂ ಉಳಿಯಿತು. 2016ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಈ ಜೋಡಿ ಪೊಟ್ಟಣದ ಉಪಾಯವನ್ನು ಗಮನಿಸಿ ನಿಷೇಧವನ್ನು ಸರಿಯಾಗಿ ಜಾರಿ ಮಾಡಿ ಎಂದಿತು. ನಿಮ್ಮ ಬಸ್ ನಿಲ್ದಾಣದ ಪಕ್ಕದ ಅಂಗಡಿಯನ್ನು ಒಮ್ಮೆ ನೋಡಿ ಬನ್ನಿ. ತಂಬಾಕಿನ ಜಾಹೀರಾತು ನಿಷಿದ್ಧವಾದ್ದರಿಂದ ಅದೇ ಹೆಸರು, ಅದೇ ಬಣ್ಣದ ಏಲಕ್ಕಿಯನ್ನು ಚಿತ್ರನಟರು ಟಿವಿಯಲ್ಲಿ ಮಾರುತ್ತಾರೆ. ಜನ ಸಿಟ್ಟಾದ ಮೇಲೆ 2022ರಲ್ಲಿ ಅಕ್ಷಯ್ ಕುಮಾರ್ ಅಂಥದೊಂದು ಜಾಹೀರಾತಿನಿಂದ ಹಿಂದೆ ಸರಿದು ಕ್ಷಮೆ ಕೇಳಿದರು.

ಇದರ ಫಲ ನನ್ನ ಕುರ್ಚಿಗೆ ಬಂದು ಕೂರುತ್ತದೆ. ಬಾಯಿ ತೆರೆಯಿಸಿ, ರೋಗಿಯ ಮೂರು ಬೆರಳನ್ನು ಒಂದರ ಮೇಲೊಂದಿಟ್ಟು ಮೇಲಿನ ಕೆಳಗಿನ ಹಲ್ಲುಗಳ ನಡುವೆ ತೂರಿಸಲು ಹೇಳುತ್ತೇವೆ. ಆರೋಗ್ಯವಾಗಿರುವವರಿಗೆ ಸಲೀಸು. ಮಸಾಲ ಜಗಿಯುವ ಇಪ್ಪತ್ತರ ಹುಡುಗರಿಗೆ ಎರಡು ಬೆರಳೂ ಹೋಗುವುದಿಲ್ಲ, ಕೆಲವರಿಗೆ ಒಂದೇ. ಕೆನ್ನೆಯ ಒಳಭಾಗ ಬಿಳಿಚಿಕೊಂಡು ಗಟ್ಟಿ ಪಟ್ಟಿಗಳಾಗಿರುತ್ತವೆ. ‘ಖಾರ ತಿನ್ನಲು ಆಗುವುದಿಲ್ಲ ಸಾರ್, ಅದಕ್ಕೆ ಬಂದೆ’ ಎನ್ನುತ್ತಾರೆ. ಈ ಸ್ಥಿತಿ ಕ್ಯಾನ್ಸರಿಗೆ ತಿರುಗಬಹುದು, ಮೊದಲಿನಂತೆ ಆಗುವುದಂತೂ ಕಷ್ಟ.

ಸರ್ಕಾರ ಯಾಕೆ ಬಗ್ಗುತ್ತದೆ? ಅದರ ಒಂದು ಕಾಲು ಆ ಕಡೆಯೇ ಇದೆ. ದೇಶದ ಅತಿ ದೊಡ್ಡ ಸಿಗರೇಟು ಕಂಪನಿಯಾದ ಐಟಿಸಿಯಲ್ಲಿ ಸರ್ಕಾರಿ ವಿಮಾ ಸಂಸ್ಥೆ ಎಲ್‌ಐಸಿಯ ಪಾಲು ಸುಮಾರು ಶೇ 15. ಜನರ ಜೀವಕ್ಕೆ ವಿಮೆ ಮಾಡುವ ಸಂಸ್ಥೆಯೇ ಇದರಲ್ಲಿ ಪಾಲುದಾರ. 1976ರಲ್ಲಿ ಶುರುವಾದ ತಂಬಾಕು ಮಂಡಳಿ ವಾಣಿಜ್ಯ ಸಚಿವಾಲಯದ ಅಡಿಯಲ್ಲಿದೆ, ರಫ್ತು ಬೆಳೆಸುವುದು ಅದರ ಕೆಲಸ. 2010ರಲ್ಲಿ ಬೆಂಗಳೂರಿನಲ್ಲಿ ತಂಬಾಕು ಉದ್ಯಮದ ಅಂತರರಾಷ್ಟ್ರೀಯ ಮೇಳವೊಂದಕ್ಕೆ ಈ ಮಂಡಳಿ ಪ್ರಾಯೋಜಕನಾಗಿ ನಿಂತಿತ್ತು. ಬೆಂಗಳೂರಿನದೇ ಸಾರ್ವಜನಿಕ ಆರೋಗ್ಯ ಸಂಸ್ಥೆಯೊಂದು ಹೈಕೋರ್ಟಿಗೆ ಹೋದ ಮೇಲೆ ಮಂಡಳಿ ಹಿಂದೆ ಸರಿಯಿತು. ತೆರಿಗೆಯಲ್ಲೂ ಇದೇ ಹಗ್ಗಜಗ್ಗಾಟ: 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಬೀಡಿಯ ತೆರಿಗೆಯನ್ನು ಶೇ 28ರಿಂದ 18ಕ್ಕೆ ಇಳಿಸಲು ತೀರ್ಮಾನಿಸಿತು.

ಭಾರತ 2004ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಅನುಮೋದಿಸಿದೆ. ಅದರ 5.3ನೇ ವಿಧಿಯ ಪ್ರಕಾರ ಆರೋಗ್ಯ ನೀತಿಯಲ್ಲಿ ಉದ್ಯಮ ಕೈಹಾಕದಂತೆ ಸರ್ಕಾರ ಕಾಯಬೇಕು. ಕೇಂದ್ರ ಆರೋಗ್ಯ ಸಚಿವಾಲಯ ಇದಕ್ಕೆಂದು 2020ರಲ್ಲಿ ತನ್ನ ಅಧಿಕಾರಿಗಳಿಗೆ ನಡವಳಿಕೆಯ ನಿಯಮ ಮಾಡಿತು. ಒಳ್ಳೆಯದೇ. ಆದರೆ ಕಂಪನಿಯವರ ಕೆಲಸ ಆಗುವುದು ಹಣಕಾಸು, ವಾಣಿಜ್ಯ, ಕೃಷಿ, ಕಾರ್ಮಿಕ ಇಲಾಖೆಗಳಲ್ಲಿ. ಅದೇ ನಿಯಮ ಅಲ್ಲಿಯೂ ಬರಬೇಕು. ತಂಬಾಕು ವ್ಯಾಪಾರ ಇರುವವರು ತಂಬಾಕಿನ ನಿಯಮ ಪರಿಶೀಲಿಸುವ ಸಮಿತಿಯಲ್ಲಿ ಕೂರಬಾರದು.

ನಾಳೆಯೇ ಪೂರ್ತಿ ನಿಷೇಧಿಸಿ ಎಂದು ನಾನು ಹೇಳುವುದಿಲ್ಲ. ನನ್ನ ತಮ್ಮ ಇಂದಿಗೂ ತಂಬಾಕು ಬೆಳೆಯುತ್ತಾನೆ. ಬಿಡು ಎಂದರೆ, ಬ್ಯಾರನ್ ಲೈಸೆನ್ಸ್ ತೋರಿಸಿದರೆ ಬ್ಯಾಂಕ್ ಸಾಲ ಕೊಡುತ್ತದೆ, ಕೊಳ್ಳಲು ಮಾರುಕಟ್ಟೆ ಇದೆ, ರಾಗಿಗೋ ಶುಂಠಿಗೋ ಈ ಎರಡರ ಭರವಸೆ ಕೊಡು ಎನ್ನುತ್ತಾನೆ. ಅವನು ಕೇಳುತ್ತಿರುವುದು ನ್ಯಾಯವಾದದ್ದು. ರೈತನ ಹೆಸರು ಹೇಳುವ ಕಂಪನಿಗಳನ್ನು ಪಕ್ಕಕ್ಕಿಟ್ಟು ಈ ಎರಡನ್ನು ಕೊಡುವ ಸರ್ಕಾರ ಬಂದರೆ ನಮ್ಮ ಹೊಲದಲ್ಲಿ ಬೇರೆ ಬೆಳೆ ನಿಲ್ಲುತ್ತದೆ.