ವಿಎಫ್‌ಎಕ್ಸ್ (ಸಿನಿಮಾದ ವಿಷುಯಲ್ ಎಫೆಕ್ಟ್ಸ್) ಡಿಪ್ಲೊಮಾ ಮುಗಿಸಿದ್ದೇನೆ, ಎಲ್ಲ ಸಾಫ್ಟ್‌ವೇರ್ ಬರುತ್ತೆ, ನಾಲ್ಕು ನಿಮಿಷದ ರೀಲ್‌ನಲ್ಲಿ (ಕೆಲಸದ ಮಾದರಿ ವಿಡಿಯೋ) ಮಾಡೆಲಿಂಗ್, ಅನಿಮೇಷನ್, ಎಫ್‌ಎಕ್ಸ್, ಕಾಂಪೊಸಿಟಿಂಗ್ (ಕಾಂಪ್) ಎಲ್ಲ ಹಾಕಿದ್ದೇನೆ, ಆದರೂ ಯಾವ ಸ್ಟುಡಿಯೋದಿಂದಲೂ ಉತ್ತರ ಇಲ್ಲ. ಕೆಲಸ ಸಿಗೋದು ಹೇಗೆ?

ನಾನು ಬೆಂಗಳೂರಿನಲ್ಲಿ ಕಾಂಪೊಸಿಟಿಂಗ್ ಮಾಡುತ್ತೇನೆ, ಅಂದರೆ ಬೇರೆ ಬೇರೆ ಚಿತ್ರಭಾಗಗಳನ್ನು ಒಂದೇ ಶಾಟ್ ಆಗಿ ಬೆಸೆಯುವ ಕೆಲಸ. ನಮ್ಮ ಟೀಮಿಗೆ ಹೊಸಬರನ್ನು ತೆಗೆದುಕೊಳ್ಳುವಾಗ ರೀಲ್ ನೋಡುವವರಲ್ಲಿ ನಾನೂ ಒಬ್ಬ.

ಉತ್ತರ ಬರದಿರುವುದಕ್ಕೆ ನೀವೊಬ್ಬರೇ ಕಾರಣ ಅಲ್ಲ, ಇದನ್ನು ಮೊದಲು ಹೇಳಿಬಿಡುತ್ತೇನೆ. 2023ರಲ್ಲಿ ಹಾಲಿವುಡ್‌ನ ಬರಹಗಾರರು, ನಟರು ಮುಷ್ಕರ ಹೂಡಿದಾಗ ಅಲ್ಲಿ ಶೂಟಿಂಗ್ ನಿಂತಿತು, ಅದರ ಬಿಸಿ ಇಲ್ಲಿನ ಸ್ಟುಡಿಯೋಗಳಿಗೂ ತಟ್ಟಿತು. ಆಮೇಲೆ 2025ರ ಫೆಬ್ರವರಿಯಲ್ಲಿ ದೊಡ್ಡ ವಿಎಫ್‌ಎಕ್ಸ್ ಕಂಪನಿ ಟೆಕ್ನಿಕಲರ್ ಬಾಗಿಲು ಹಾಕಿತು, ಸಾವಿರಾರು ಜನ ಒಂದೇ ಸಲಕ್ಕೆ ಕೆಲಸ ಕಳೆದುಕೊಂಡರು. ನೀವು ಅರ್ಜಿ ಹಾಕುವ ಜಾಗಕ್ಕೇ ವರ್ಷಗಟ್ಟಲೆ ಅನುಭವ ಇರುವವರೂ ಹಾಕುತ್ತಿರುತ್ತಾರೆ. ಹಾಗಂತ ಫ್ರೆಶರ್‌ಗಳಿಗೆ ಜಾಗವೇ ಇಲ್ಲ ಅಂತಲ್ಲ.

ಈಗ ರೀಲ್ ವಿಷಯ. ನಾಲ್ಕು ನಿಮಿಷದಲ್ಲಿ ಮಾಡೆಲಿಂಗ್, ಅನಿಮೇಷನ್, ಎಫ್‌ಎಕ್ಸ್, ಕಾಂಪ್ ಎಲ್ಲ ಹಾಕಿದ್ದೇನೆ ಅಂದಿದ್ದೀರಿ. ನನಗೆ ತೊಂದರೆ ಕಾಣುವುದು ಅಲ್ಲೇ. ದೊಡ್ಡ ಸ್ಟುಡಿಯೋದಲ್ಲಿ ರೋಟೋಗೆ (ಆಕೃತಿಯ ಅಂಚಿಗೆ ಫ್ರೇಮ್ ಫ್ರೇಮ್ ಗೆರೆ ಎಳೆದು ಬಿಡಿಸುವುದು) ಒಬ್ಬರು, ಪೇಂಟ್‌ಗೆ (ಶಾಟ್‌ನಲ್ಲಿ ಬೇಡದ್ದನ್ನು ಅಳಿಸುವುದು) ಒಬ್ಬರು, ಮ್ಯಾಚ್‌ಮೂವ್‌ಗೆ (ಕ್ಯಾಮೆರಾದ ಚಲನೆಯನ್ನು ಕಂಪ್ಯೂಟರ್‌ನಲ್ಲಿ ಹೊಂದಿಸುವುದು) ಇನ್ನೊಬ್ಬರು, ಹೀಗೆ ಕೆಲಸ ಹಂಚಿಹೋಗಿರುತ್ತದೆ, ಜಾಗ ಖಾಲಿ ಆಗುವುದೂ ಹಾಗೆಯೇ. ಒಂದು ವಿಭಾಗ ಆರಿಸಿಕೊಳ್ಳಿ. ಹಾಲಿವುಡ್ ಸಿನಿಮಾಗಳ ರೋಟೋ, ಪೇಂಟ್ ಕೆಲಸ ಭಾರತಕ್ಕೆ ಜಾಸ್ತಿ ಬರುವುದರಿಂದ ಹೊಸಬರಿಗೆ ಇಲ್ಲಿ ಮೊದಲು ತೆರೆಯುವ ಬಾಗಿಲು ಸಾಮಾನ್ಯವಾಗಿ ಅದೇ. ಅದನ್ನು ಕೀಳು ಅಂದುಕೊಳ್ಳಬೇಡಿ. ಎಷ್ಟೋ ಒಳ್ಳೆಯ ಕಾಂಪೊಸಿಟರ್‌ಗಳು ರೋಟೋದಿಂದಲೇ ಬಂದವರು.

ನಾವು ರೀಲ್ ನೋಡುವ ರೀತಿ ಹೇಳುತ್ತೇನೆ ಕೇಳಿ. ಒಂದು ಸಲ ಸುಮ್ನೆ ಓಡಿಸುತ್ತೇವೆ. ಚೆನ್ನಾಗಿದೆ ಅನಿಸಿದರೆ ನಿಲ್ಲಿಸಿ, ಒಂದೊಂದೇ ಫ್ರೇಮ್ ಮುಂದೆ ಸರಿಸುತ್ತೇವೆ. ಒಂದು ಸೆಕೆಂಡಿಗೆ 24 ಫ್ರೇಮ್, ಅದರಲ್ಲಿ ಎರಡು ಕಡೆ ಎಡ್ಜ್ ನಡುಗಿದರೂ ಗೊತ್ತಾಗುತ್ತದೆ. ಕೂದಲು ಹೇಗೆ ಬಿಡಿಸಿದ್ದಾರೆ, ಬೀಸಿದ ಕೈಯ ಮೋಷನ್ ಬ್ಲರ್ ಮ್ಯಾಟ್‌ನಲ್ಲೂ (ಬಿಡಿಸಿದ ಆಕಾರದ ಕಪ್ಪುಬಿಳುಪು ಮಾಸ್ಕ್) ಇದೆಯಾ, ಕಾಂಪ್ ಆದರೆ ಬ್ಲ್ಯಾಕ್ ಲೆವೆಲ್ (ಕಪ್ಪಿನ ಗಾಢತೆ) ಮತ್ತು ಗ್ರೇನ್ (ಚಿತ್ರದಲ್ಲಿ ಕಾಣುವ ಸಣ್ಣ ಕಾಳು) ಪ್ಲೇಟ್‌ಗೆ, ಅಂದರೆ ಮೂಲ ಶೂಟ್‌ಗೆ, ಹೊಂದುತ್ತಾ, ಇಷ್ಟು ನೋಡಿದರೆ ಸಾಕು, ಆ ಹುಡುಗನ ಅಥವಾ ಹುಡುಗಿಯ ಕಣ್ಣು ಎಷ್ಟು ಪಳಗಿದೆ ಅಂತ ತಿಳಿಯುತ್ತದೆ. ಟ್ಯುಟೋರಿಯಲ್ ನೋಡಿ ಮಾಡಿದ ಸ್ಫೋಟ, ರೋಬೋಟ್ ಬೇಡವೇ ಬೇಡ, ಅದೇ ಶಾಟ್ ಹತ್ತು ಜನರ ರೀಲ್‌ನಲ್ಲಿ ಇರುತ್ತದೆ!

ಮೊಬೈಲ್ ಕೈಯಲ್ಲಿ ಹಿಡಿದು ನಡೆಯುತ್ತಾ ನಿಮ್ಮ ಬೀದಿಯನ್ನೇ ಶೂಟ್ ಮಾಡಿ. ಕರೆಂಟ್ ಕಂಬ, ಅದರ ವೈರು, ಎರಡನ್ನೂ ತೆಗೆದುಹಾಕಿ. ಕ್ಯಾಮೆರಾ ಅಲುಗಾಡುತ್ತಿರುವಾಗ, ಕಂಬದ ಮುಂದೆ ಯಾರೋ ಹಾದುಹೋಗುವಾಗ ಅದು ನಿಜಕ್ಕೂ ಕಷ್ಟ. ಅಂಥ ಶಾಟ್ ಗಟ್ಟಿಯಾಗಿ ಮಾಡಿದವರನ್ನು ನಾನಂತೂ ಕರೆದು ಮಾತಾಡಿಸುತ್ತೇನೆ. ಕಾಂಪೊಸಿಟಿಂಗ್ ಸಾಫ್ಟ್‌ವೇರ್ ನ್ಯೂಕ್‌ನ ನಾನ್‌ಕಮರ್ಷಿಯಲ್ ಆವೃತ್ತಿ ಉಚಿತ, 3ಡಿ ಸಾಫ್ಟ್‌ವೇರ್ ಬ್ಲೆಂಡರ್ ಹೇಗೂ ಉಚಿತ.

ಇಂಥ ಮೂರು ನಾಲ್ಕು ಶಾಟ್ ಸಾಕು, ಒಂದು ನಿಮಿಷ ದಾಟುವುದು ಬೇಡ. ಒಳ್ಳೆಯದನ್ನು ಮೊದಲೇ ಇಡಿ. ಪ್ರತಿ ಶಾಟ್‌ಗೂ ಮೂಲ ಪ್ಲೇಟ್, ಬ್ರೇಕ್‌ಡೌನ್ (ಹಂತ ಹಂತವಾಗಿ ಹೇಗೆ ಮಾಡಿದಿರಿ ಅನ್ನುವುದು) ತೋರಿಸಿ, ನೀವು ಮಾಡಿದ್ದು ಯಾವುದು ಅಂತ ಅಲ್ಲೇ ಬರೆಯಿರಿ. ಗುಂಪಿನ ಕೆಲಸವನ್ನು ನಿಮ್ಮದು ಅಂತ ಹಾಕಲೇಬೇಡಿ. ಇಲ್ಲಿ ಒಬ್ಬರಿಗೊಬ್ಬರು ಗೊತ್ತಿರುತ್ತಾರೆ.

ಇನ್ನೊಂದು, ಡೆಪಾಸಿಟ್ ಕಟ್ಟಿದರೆ ಟ್ರೇನಿಂಗ್ ಕೊಟ್ಟು ಕೆಲಸ ಕೊಡುತ್ತೇವೆ ಅನ್ನುವವರಿಗೆ ಒಂದು ರೂಪಾಯಿಯೂ ಕೊಡಬೇಡಿ. ಹೊಸ ರೀಲ್ ಸಿದ್ಧವಾದ ಮೇಲೆ ಲಿಂಕ್ ಇಲ್ಲೇ ಕಾಮೆಂಟ್‌ನಲ್ಲಿ ಹಾಕಿ, ಫ್ರೇಮ್ ಫ್ರೇಮ್ ನೋಡಿ ಹೇಳುತ್ತೇನೆ.