ನಿಮ್ಮ ಮೂರು ನಾಣ್ಯಗಳ ಬಗ್ಗೆ: ಗೆರೆ, ಜೋಡಿ ಅಂಕಿ, ತಿರುಗಿದ ಸಿಂಹ

ಮೇಡಂ, ನೀವು ಹಾಕಿದ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. 2 ರೂಪಾಯಿ ಮೇಲೆ ಅಡ್ಡಗೆರೆ ಇದೆ. 1 ರೂಪಾಯಿಯಲ್ಲಿ ವರ್ಷದ ಅಂಕಿ ಎರಡೆರಡಾಗಿ ಕಾಣುತ್ತಿದೆ. 5 ರೂಪಾಯಿಯ ಹಿಂಬದಿಯಲ್ಲಿ ಸಿಂಹದ ಚಿತ್ರ ಉಲ್ಟಾ ಆಗಿ ಒಳಕ್ಕೆ ಒತ್ತಿಕೊಂಡಿದೆ. ಮೂರೂ ಎರರ್ ನಾಣ್ಯಗಳಾ (ಅಂದರೆ ಟಂಕಸಾಲೆಯಲ್ಲೇ ತಪ್ಪಾಗಿ ಅಚ್ಚಾದವಾ), ಮಾರಿದರೆ ಎಷ್ಟು ಸಿಗಬಹುದು ಅಂತ ಕೇಳಿದ್ದೀರಿ. ಒಂದು ನಿಜ, ಒಂದು ಸವೆದ ಅಚ್ಚಿನ ಕೆಲಸ, ಇನ್ನೊಂದು ಯಾರೋ ಮನೆಯಲ್ಲಿ ಕೂತು ಮಾಡಿದ್ದು.

ಮೊದಲು 2 ರೂಪಾಯಿ. ಗೆರೆಯ ಮೇಲೆ ಉಗುರು ಆಡಿಸಿ ನೋಡಿ. ಉಗುರು ಗೆರೆಯೊಳಗೆ ಇಳಿದರೆ ಅದು ಗೀರು. ಕೀಲಿಕೈ, ಹುಂಡಿ, ಬಸ್ಸಿನ ಕಂಡಕ್ಟರ್ ಚೀಲ, ಎಲ್ಲಿ ಬೇಕಾದರೂ ಆಗಿರಬಹುದು. ಉಗುರು ಗೆರೆಗೆ ತಾಗಿ ಎಡವಿದರೆ, ಅಂದರೆ ಗೆರೆ ಮೇಲಕ್ಕೆ ಉಬ್ಬಿದ್ದರೆ, ಅದು ಟಂಕಸಾಲೆಯಲ್ಲೇ ಆಗಿದ್ದು. ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುವಾಗ ನೋಡಿರುತ್ತೀರಲ್ವಾ? ಮರದ ಅಚ್ಚು ಬಿರುಕು ಬಿಟ್ಟಿದ್ದರೆ ಪಾಕ ಆ ಬಿರುಕಿಗೂ ಇಳಿದು, ಗೊಂಬೆಯ ಮೈಮೇಲೆ ಒಂದು ಏಣು ಬರುತ್ತದೆ. ಇಲ್ಲೂ ಅದೇ. ನಾಣ್ಯ ಒತ್ತುವ ಉಕ್ಕಿನ ಅಚ್ಚು, ಅಂದರೆ ಡೈ, ಸಾವಿರಾರು ಏಟು ಹೊಡೆದು ಹೊಡೆದು ಬಿರುಕು ಬಿಡುತ್ತದೆ, ಲೋಹ ಅದರೊಳಗೆ ನುಗ್ಗುತ್ತದೆ. ಇದಕ್ಕೆ ಡೈ ಕ್ರ್ಯಾಕ್ ಅನ್ನುತ್ತಾರೆ.

ನಿಮ್ಮದರಲ್ಲಿ ಗೆರೆ ಅಂಚಿನಿಂದ ಹೊರಟು, ಸ್ವಲ್ಪ ಡೊಂಕಾಗಿ, 2ರ ಬಾಲ ಹಾದು, ಖಾಲಿ ಜಾಗದಲ್ಲಿ ಸಣ್ಣಗಾಗಿ ಮುಗಿದಿದೆ. ಗೀರು ಹೀಗೆ ಹೋಗುವುದಿಲ್ಲ. ಅದು ನೇರವಾಗಿ ಎಳೆದುಕೊಂಡು ಹೋಗುತ್ತದೆ, ಅಂಕಿಯ ನೆತ್ತಿಯನ್ನೂ ಕೆರೆದಿರುತ್ತದೆ. ಹಾಗಾಗಿ ಫೋಟೋ ನೋಡಿದರೆ ಇದು ಅಸಲಿ ಅಂತಲೇ ಅನಿಸುತ್ತದೆ. ಆದರೆ ಫೋಟೋದಲ್ಲಿ ಉಬ್ಬು ತಗ್ಗಿನ ಹಾಗೆ, ತಗ್ಗು ಉಬ್ಬಿನ ಹಾಗೆ ಕಾಣುವುದುಂಟು, ಬೆಳಕಿನ ಆಟ ಅದು. ಉಗುರಿನ ಪರೀಕ್ಷೆ ಬಿಡಬೇಡಿ. ಮುಂದೆ ಅಂಚಿನ ಹತ್ತಿರ ಡೈಯ ತುಂಡೇ ಕಿತ್ತು ಬಿದ್ದರೆ, ಆ ಜಾಗದಲ್ಲಿ ನಾಣ್ಯದ ಮೇಲೆ ಅಕ್ಷರವಿಲ್ಲದ ಗಂಟು ಬರುತ್ತದೆ, ಅದನ್ನು ಕಡ್ ಅಂತಾರೆ. ಒಂದೇ ಡೈಯ ಬಿರುಕು ಬೆಳೆಯುತ್ತಾ ಹೋದದ್ದನ್ನು ನಾಲ್ಕಾರು ನಾಣ್ಯಗಳಲ್ಲಿ ಸಾಲಾಗಿ ಜೋಡಿಸುವುದು ನನಗಂತೂ ಈ ಹವ್ಯಾಸದಲ್ಲಿ ಎಲ್ಲಕ್ಕಿಂತ ಮಜಾ ಕೊಡುವ ಕೆಲಸ. ಕಾಸು ಹುಟ್ಟುವುದಿಲ್ಲ, ಅದು ಬೇರೆ ಮಾತು.

ಇನ್ನು 1 ರೂಪಾಯಿ. ನಮ್ಮ ಈಗಿನ 1, 2 ರೂಪಾಯಿ ಸ್ಟೇನ್‌ಲೆಸ್ ಸ್ಟೀಲಿನವು. ಗಟ್ಟಿ ಲೋಹ, ಡೈಯನ್ನು ಬೇಗ ತಿನ್ನುತ್ತದೆ. ಪ್ರತಿ ಏಟಿಗೂ ಲೋಹ ನಡುವಿನಿಂದ ಅಂಚಿನ ಕಡೆ ಜರುಗುತ್ತದಲ್ಲ, ಆ ಉಜ್ಜಾಟಕ್ಕೆ ಡೈಯಲ್ಲಿ ಕೊರೆದ ಅಕ್ಷರಗಳ ಅಂಚು ಮೊಂಡಾಗುತ್ತದೆ. ಆಗ ಅಕ್ಷರ ಊದಿಕೊಂಡ ಹಾಗೆ, ಅಂಚಿನ ಕಡೆಗೆ ನೆರಳು ಬಿದ್ದ ಹಾಗೆ ಕಾಣುತ್ತದೆ. ಖಾಲಿ ಜಾಗ ಕಿತ್ತಳೆ ಸಿಪ್ಪೆಯ ಹಾಗೆ ತರಿತರಿ. ನಿಮ್ಮ ನಾಣ್ಯದಲ್ಲಿ ಇದೆಲ್ಲ ಇದೆ. ಇದು ಡಬಲ್ ಡೈ (ಡೈಯಲ್ಲೇ ಅಕ್ಷರ ಎರಡೆರಡಾಗಿ ಕೂತಿರುವ ತಪ್ಪು) ಅಲ್ಲ, ಸುಸ್ತಾದ ಡೈ.

ಇನ್ನೊಂದು ಬಗೆಯ ಮೋಸದ ಜೋಡಿಯೂ ಇದೆ. ಏಟು ಬಿದ್ದ ಮೇಲೆ ಡೈ ಸ್ವಲ್ಪ ಅಲುಗಿದರೆ ಅಕ್ಷರದ ಪಕ್ಕ ಒರೆಸಿಹೋಗಿ, ಚಪ್ಪಟೆ ಮೆಟ್ಟಿಲಿನ ಹಾಗೆ ಆಗುತ್ತದೆ. ಅಕ್ಷರ ದಪ್ಪ ಆಗುವ ಬದಲು ತೆಳ್ಳಗಾಗಿರುತ್ತದೆ. ನಿಜವಾದ ಡಬಲ್ ಡೈಯಲ್ಲಿ ಎರಡೂ ಗೆರೆ ದುಂಡಗೆ ಉಬ್ಬಿರುತ್ತವೆ, ಅಕ್ಷರದ ತುದಿ ಸೀಳಿದ ಹಾಗಿರುತ್ತದೆ. ತಪ್ಪು ಡೈಯಲ್ಲೇ ಇರುವುದರಿಂದ ಅದೇ ಡೈಯಿಂದ ಬಂದ ಎಲ್ಲ ನಾಣ್ಯದಲ್ಲೂ ಅದು ಒಂದೇ ಥರ ಇರಬೇಕು. ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್ ಒಂದು ತಗೊಳ್ಳಿ, ಮೊಬೈಲ್ ಜೂಮ್ ಸಾಲದು.

5 ರೂಪಾಯಿ ವಿಷಯ ಹೇಳಲು ಬೇಜಾರು. ನೀವು ಅದನ್ನು ಲಖಿ ಅಂದುಕೊಂಡಿದ್ದೀರಿ. ಲಖಿ ಅಥವಾ ಬ್ರಾಕೇಜ್ ಆಗುವುದು ಹೀಗೆ: ಹೊಡೆದ ನಾಣ್ಯ ಹೊರಗೆ ಬೀಳದೆ ಡೈಗೆ ಅಂಟಿಕೊಂಡುಬಿಡುತ್ತದೆ. ಮುಂದಿನ ಬಿಲ್ಲೆ (ಇನ್ನೂ ಅಚ್ಚಾಗದ ಖಾಲಿ ಲೋಹದ ತುಂಡು) ಬಂದಾಗ ಅದರ ಒಂದು ಮುಖಕ್ಕೆ ಡೈ ತಾಗುವುದೇ ಇಲ್ಲ, ಅಂಟಿಕೊಂಡ ನಾಣ್ಯ ತಾಗುತ್ತದೆ. ಹಾಗಾಗಿ ಒಂದು ಕಡೆ ಸಿಂಹ ಉಬ್ಬು, ಇನ್ನೊಂದು ಕಡೆ ಅದೇ ಸಿಂಹ ಉಲ್ಟಾ ತಗ್ಗು. ಆ ಕಡೆ ಬರಬೇಕಿದ್ದ ₹5ರ ಸುಳಿವೇ ಇರಬಾರದು. ನಿಮ್ಮ ನಾಣ್ಯದಲ್ಲಿ ಸಿಂಹದ ಕೆಳಗೆ 5ರ ಹೊಟ್ಟೆ ಚಪ್ಪಟೆಯಾಗಿ ಇನ್ನೂ ಕಾಣುತ್ತಿದೆ. ಎರಡು ನಾಣ್ಯ ಸೇರಿಸಿ ವೈಸ್‌ನಲ್ಲಿ ಬಿಗಿದೋ ಸುತ್ತಿಗೆಯಿಂದ ಬಡಿದೋ ಮಾಡಿದ್ದು. ನಾನೂ ಶುರುವಿನಲ್ಲಿ ಒಂದು ನಾಣ್ಯ ಮೇಳದಲ್ಲಿ ಇಂಥದ್ದನ್ನೇ ಒಳ್ಳೆ ದುಡ್ಡು ಕೊಟ್ಟು ತಂದು, ಮನೆಗೆ ಬಂದು ಲೂಪ್ ಹಿಡಿದಾಗ ಮುಖ ಸಪ್ಪಗಾಗಿ ಕೂತಿದ್ದೆ. ಈಗಲೂ ಡಬ್ಬಿಯಲ್ಲಿದೆ, ಹೊಸಬರಿಗೆ ತೋರಿಸಲು.

ಮೇಲಿನ ಕಾಮೆಂಟಿನಲ್ಲಿ ಇನ್ನೊಬ್ಬರು ತಮ್ಮ ನಾಣ್ಯದಲ್ಲಿ 'ವರ್ಷದ ಕೆಳಗೆ ಗುರುತೇ ಇಲ್ಲ, ಅಪರೂಪ' ಅಂದಿದ್ದಾರೆ, ಯಾವ ಟಂಕಸಾಲೆಯದು ಅಂತ ಹೇಳುವ ಗುರುತು ಅದು. ಇಲ್ಲ ಸರ್, ಅದು ಕೋಲ್ಕತ್ತಾದ್ದು. ಅಲ್ಲಿನ ನಾಣ್ಯಕ್ಕೆ ಗುರುತು ಇರುವುದಿಲ್ಲ. ಮುಂಬೈಗೆ ವಜ್ರದ ಆಕಾರ, ಹೈದರಾಬಾದಿಗೆ ನಕ್ಷತ್ರ, ನೋಯ್ಡಾಗೆ ದುಂಡು ಚುಕ್ಕಿ.

ಚಿಲ್ಲರೆಯಲ್ಲಿ ಹುಡುಕುವುದಾದರೆ ತಿರುಗಿದ ಡೈ (ಎರಡು ಮುಖಗಳ ದಿಕ್ಕು ಹೊಂದದ ನಾಣ್ಯ) ಮೊದಲು ನೋಡಿ, ಲೂಪೂ ಬೇಡ. ಸಿಂಹ ನೆಟ್ಟಗಿರುವಂತೆ ಹಿಡಿದು, ಪುಸ್ತಕದ ಹಾಳೆ ತಿರುಗಿಸಿದ ಹಾಗೆ ಮಗುಚಿ. ನಮ್ಮ ನಾಣ್ಯದ ಹಿಂಬದಿಯೂ ನೆಟ್ಟಗೇ ಬರಬೇಕು. ಒಂಚೂರು ವಾಲಿದ್ದರೆ ಬಿಡಿ, ಕಾಲು ಸುತ್ತು, ಅರ್ಧ ಸುತ್ತು ತಿರುಗಿದ್ದರೆ ಎತ್ತಿಡಿ. ಅಮೆರಿಕದಿಂದ ಬಂದ ನೆಂಟರು ಕೊಟ್ಟ ಕ್ವಾರ್ಟರ್ (25 ಸೆಂಟ್ ನಾಣ್ಯ) ಹಾಗೆ ಮಗುಚಿದರೆ ತಲೆಕೆಳಗೇ ಬರುತ್ತದೆ, ಅವರ ಪದ್ಧತಿ ಅದು.

ತಪ್ಪಿ ಬೇರೆ ಲೋಹದ ಬಿಲ್ಲೆಯ ಮೇಲೆ ಒತ್ತಿದ ನಾಣ್ಯ ಅಂತ ಅನುಮಾನ ಬಂದರೆ ಅಯಸ್ಕಾಂತ, ಪುಟ್ಟ ತಕ್ಕಡಿ ಸಾಕು. 2011ರಲ್ಲಿ ಬಂದ ಮಾದರಿಯಲ್ಲಿ (2019ರ ಹೊಸ ಮಾದರಿಯ ತೂಕ ಬೇರೆ) 1 ರೂಪಾಯಿ 3.79 ಗ್ರಾಂ, 2 ರೂಪಾಯಿ 4.85, 5 ರೂಪಾಯಿ 6 ಗ್ರಾಂ. ಹಳೇ ದಪ್ಪ ಐದು 9 ಗ್ರಾಂ. ಸ್ಟೀಲ್ ಅಯಸ್ಕಾಂತಕ್ಕೆ ಅಂಟುತ್ತದೆ, ಹಳದಿ ಐದು ಅಂಟುವುದಿಲ್ಲ. 2007ರ ಹೊತ್ತಿನ ಸ್ಟೀಲ್ ಐದು ಸಿಕ್ಕಿ ಅಂಟಿತು ಅಂತ ಕುಣಿಯಬೇಡಿ, ಅದು ಸ್ಟೀಲಿನದೇ.

ಬೆಲೆ: ಡೈ ಕ್ರ್ಯಾಕಿಗೆ ಆಸಕ್ತಿ ಇರುವವರು ಮುಖಬೆಲೆಗಿಂತ ಸ್ವಲ್ಪ ಜಾಸ್ತಿ ಕೊಟ್ಟಾರು, ಅಷ್ಟೇ. ಲಕ್ಷ ಕೊಡುತ್ತೇವೆ, ಮೊದಲು ಕಮಿಷನ್ ಕಟ್ಟಿ ಅನ್ನುವವರ ಫೋನ್ ಎತ್ತಬೇಡಿ. ರಿಸರ್ವ್ ಬ್ಯಾಂಕ್ ಹೆಸರು ಹೇಳಿದರೂ ಅಷ್ಟೇ. 2021ರ ಆಗಸ್ಟ್‌ನಲ್ಲಿ ಬ್ಯಾಂಕೇ ಪ್ರಕಟಣೆ ಹೊರಡಿಸಿ, ತನಗೂ ಇಂಥ ವ್ಯವಹಾರಕ್ಕೂ ಸಂಬಂಧವಿಲ್ಲ ಎಂದಿದೆ.

ಆ 2 ರೂಪಾಯಿಯನ್ನು ಹುಣಸೆಹಣ್ಣು, ಪೌಡರ್ ಹಾಕಿ ಉಜ್ಜಬೇಡಿ. ಹಾಗೇ ಒಂದು ಕಾಗದದ ಲಕೋಟೆಯಲ್ಲಿಡಿ. ಕಿಟಕಿ ಹತ್ತಿರ ಓರೆ ಬೆಳಕಿನಲ್ಲಿ ಇನ್ನೊಂದು ಫೋಟೋ, ಜೊತೆಗೆ ಅಂಚಿನದೂ ಒಂದು ತೆಗೆದು ಹಾಕಿ. ಗೆರೆ ನಿಜಕ್ಕೂ ಅಂಚಿನಿಂದಲೇ ಹೊರಟಿದೆಯಾ ಅಂತ ನೋಡೋಣ.