ಮಧುಮೇಹ, ಬೆಳಗಿನ ನಡಿಗೆ ಮತ್ತು ಹೃದಯ

ನಮಸ್ಕಾರ. 12 ವರ್ಷಗಳಿಂದ ಮಧುಮೇಹವಿದ್ದು ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಿರುವ ನಿಮ್ಮ ತಂದೆಯವರು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಬಿರುಸಾಗಿ ನಡೆದರೆ ಹೃದಯಕ್ಕೆ ಒಳ್ಳೆಯದೇ ಎಂದು ಕೇಳಿದ್ದೀರಿ.

ನಡಿಗೆ ಖಂಡಿತ ಒಳ್ಳೆಯದು, ಆದರೆ ಮೊದಲು ವೈದ್ಯರನ್ನು ಕಾಣಲಿ. ದೀರ್ಘಕಾಲದ ಮಧುಮೇಹದಿಂದ ನರಗಳು ದುರ್ಬಲಗೊಂಡಾಗ, ಹೃದಯಕ್ಕೆ ರಕ್ತ ಸಾಲದಿದ್ದರೂ ಎದೆನೋವು ಕಾಣಿಸದೇ ಇರಬಹುದು. ಆದ್ದರಿಂದ ನಡೆಯುವಾಗ ಎಂದೂ ಇಲ್ಲದ ಏದುಸಿರು, ತಣ್ಣನೆಯ ಬೆವರು ಅಥವಾ ಸುಸ್ತು ಬಂದರೆ ಅದನ್ನು ಗ್ಯಾಸ್ ಎಂದು ದಯವಿಟ್ಟು ತಳ್ಳಿಹಾಕಬೇಡಿ, ನಿಂತು ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ದುಡಿಯುವ ಸ್ನಾಯುಗಳು ಇನ್ಸುಲಿನ್‌ನ ನೆರವು ಕಡಿಮೆಯಿದ್ದರೂ ರಕ್ತದಿಂದ ಸಕ್ಕರೆಯನ್ನು ಹೀರಿಕೊಳ್ಳುತ್ತವೆ, ನಿಯಮಿತ ನಡಿಗೆಯಿಂದ ರಕ್ತದೊತ್ತಡವೂ ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬಿನ ಪ್ರಮಾಣವೂ ಇಳಿಯುತ್ತವೆ. ಸಕ್ಕರೆಯ ಮೇಲಿನ ಪರಿಣಾಮ ಒಂದೆರಡು ದಿನಗಳಷ್ಟೇ ಉಳಿಯುವುದರಿಂದ, ವಾರಕ್ಕೆ ಒಟ್ಟು 150 ನಿಮಿಷವಾದರೂ, ನಡುವೆ ಸತತ ಎರಡು ದಿನ ತಪ್ಪದಂತೆ ನಡೆಯಬೇಕು. ಪಕ್ಕದವರೊಡನೆ ಮಾತನಾಡಲು ಸಾಧ್ಯವಾಗಿ, ಹಾಡು ಹೇಳಲು ಉಸಿರು ಸಾಲದಷ್ಟು ವೇಗವಿದ್ದರೆ ಸಾಕು.

ಬರಿಹೊಟ್ಟೆಯ ವಿಷಯದಲ್ಲಿ ನನಗೆ ಆತಂಕವಿದೆ, ಏಕೆಂದರೆ ಗ್ಲಿಮೆಪಿರೈಡ್ ಸೇವಿಸುವವರಲ್ಲಿ ಸಕ್ಕರೆ ಹಠಾತ್ತನೆ ಕುಸಿಯಬಹುದು. ಹೊರಡುವ ಮುನ್ನ ಗ್ಲೂಕೋಮೀಟರಿನಲ್ಲಿ 90ಕ್ಕಿಂತ ಕಡಿಮೆಯಿದ್ದರೆ ಮೊದಲು ಏನಾದರೂ ತಿನ್ನಲಿ; ಜೇಬಿನಲ್ಲಿ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯ ಸಣ್ಣ ಪೊಟ್ಟಣವಿರಲಿ. ಚಪ್ಪಲಿಯ ಬದಲು ಸಾಕ್ಸಿನೊಡನೆ ಮೆತ್ತನೆಯ ಬೂಟು ಹಾಕಿಕೊಂಡು, ಮರಳಿದ ಮೇಲೆ ಅಂಗಾಲನ್ನೂ ಬೆರಳುಗಳ ಸಂದುಗಳನ್ನೂ ಗಾಯವೇನಾದರೂ ಇದೆಯೇ ಎಂದು ನೋಡಿಕೊಳ್ಳಲಿ. ನಡೆಯುತ್ತಿದ್ದೇನಲ್ಲ ಎಂದು ಬಿಪಿ, ಕೊಲೆಸ್ಟ್ರಾಲ್ ಮಾತ್ರೆಗಳನ್ನು ವೈದ್ಯರು ಹೇಳದೆ ನಿಲ್ಲಿಸುವುದು ಬೇಡ.